ಕಾಗೆಯ ಪಾಲು

ವಿಮಾನ ಹೊರಟಾಗಿನಿಂದ ಚಮಚ ಮೊಸರನ್ನ ಹೊತ್ತು ಮಗುವಿನ ಬಾಯಿಯವರೆಗೂ ಹೋಗಿ ಬರುತ್ತಲೇ ಇತ್ತು. ಮಗು ಬಾಯಿ ಬಿಡಲಿಲ್ಲ.

ಸುಸ್ತಾದ ಚಮಚ ಕೇಳಿತು: "ಕಿಟಕಿಯವರೇ, ಮನೆಯಲ್ಲಿ ಕಾಗೆ ತೋರಿಸಿದರೆ ಇವಳು ಉಣ್ಣುತ್ತಾಳೆ. ಒಂದು ಕಾಗೆ ತೋರಿಸಿ."

"ಇಷ್ಟು ಎತ್ತರಕ್ಕೆ ಕಾಗೆ ಬರುವುದಿಲ್ಲ. ನನ್ನಲ್ಲಿರುವುದು ಬರೀ ಮೋಡ."

ತಾಯಿಗೂ ಸಾಕಾಗಿತ್ತು. ಅವಳ ಊಟ ಮುಚ್ಚಳ ತೆಗೆಯದೆ ಆರಿಹೋಗಿತ್ತು. ಕೊನೆಗೆ ಒಣಗಿದ ಗಂಟಲಲ್ಲಿ ತಾನೇ "ಕಾ, ಕಾ" ಎಂದಳು.

ಮಗು ನಕ್ಕು ಒಂದು ತುತ್ತು ನುಂಗಿತು. ಆಮೇಲೆ ಚಮಚ ಕಸಿದುಕೊಂಡು, "ಕಾಕಂಗೂ ಒಂದು" ಎನ್ನುತ್ತ ಅಮ್ಮನ ಬಾಯಿಗೆ ತುರುಕಿತು. ಅಮ್ಮ ಗಬಕ್ಕನೆ ನುಂಗಿದಳು.

"ಅಂತೂ ನಿಮ್ಮ ಕೆಲಸವಾಯಿತು," ಎಂದಿತು ಕಿಟಕಿ.

"ಏನು ಕೆಲಸವೋ! ಬೆಳಗಿನಿಂದ ಹಸಿದ ಬಾಯಿ ಪಕ್ಕದಲ್ಲೇ ಇತ್ತು. ನಾನು ಹಸಿಯದ ಬಾಯಿಯನ್ನೇ ತಟ್ಟುತ್ತಿದ್ದೆ."