ಜುಗ್ಗವ್ವನ ದಿಬ್ಬ

ಕಡ್ಲಿಹಾಳದ ಮೂಡಣಕ್ಕೆ, ಎರೆಹೊಲಗಳ ನಡುವೆ ಗಟ್ಟಿ ಗರಸಿನ ದಿಬ್ಬವೊಂದಿದೆ. ಅದರ ನೆತ್ತಿಯಲ್ಲಿ ಒಂದು ಹಗೇವು, ಎಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜ. ಅದರ ಬಾಯಿಗೆ ಮುಚ್ಚಿದ ಒಂದು ಚಪ್ಪಡಿ. ಗುಡಿಯಿಲ್ಲ, ಗೋಪುರವಿಲ್ಲ. ಹೊರಗಿನವರು ಹೆಸರು ಕೇಳಿ ನಗುತ್ತಾರೆ, ಜುಗ್ಗತನಕ್ಕೆ ಕೈಮುಗಿಯುವ ಊರೇ ಇದು ಎನ್ನುತ್ತಾರೆ. ಹೌದು, ಮುಗಿಯುತ್ತೇವೆ. ಬೇರೆಡೆ ಆ ಮಾತು ಬೈಗುಳವಾಗಿರಬಹುದು, ಇಲ್ಲಿ ಅದನ್ನು ಹೆಣ್ಣುಮಕ್ಕಳಿಗೆ ಹೆಸರಾಗಿ ಇಡುತ್ತೇವೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಬಸವಂತ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಮಗನ ಮದುವೆಗೆ ಹದಿನಾರು ದಿನ ಊಟ ಹಾಕಿಸುವ ಹುಚ್ಚು ಅವನಿಗೆ. ಮನೆಮನೆಯಿಂದ ಜೋಳ ಬರಬೇಕೆಂದು ಆಳುಗಳನ್ನು ಅಟ್ಟಿದ. ಉಣ್ಣುವ ಜೋಳ ಮುಗಿದಾಗ, ಜುಗ್ಗರೆನಿಸಿಕೊಳ್ಳುವ ನಾಚಿಕೆಗೆ ಜನ ಬೂದಿ ಬೆರೆಸಿ ಎತ್ತಿಟ್ಟಿದ್ದ ಬಿತ್ತನೆಯ ಕಾಳನ್ನೂ ತೊಳೆದು ಕೊಟ್ಟರು ಎನ್ನುತ್ತಾರೆ. ಕೊಡದವಳು ಒಬ್ಬಳೇ, ಈ ದಿಬ್ಬದ ಒಡತಿಯಾಗಿದ್ದ ವಿಧವೆ. ಆಳುಗಳು ಬಂದಾಗ ಅವಳು ಹಗೇವಿನ ಚಪ್ಪಡಿಯ ಮೇಲೆ ಕುಳಿತುಬಿಟ್ಟಳು. ಬಿತ್ತನೆಯ ಹಗೇವಿನ ಮೇಲೆ ಕುಳಿತ ಹೆಂಗಸನ್ನು ಮುಟ್ಟಿ ಎಬ್ಬಿಸಬಾರದೆಂಬುದು ಅಂದಿನ ಕಟ್ಟು. ಕೊನೆಗೆ ನಾಯಕನೇ ಬಂದ. "ತಿಂದು ಮುಗಿಸೂ ಕಾಳಲ್ರಿ ಇದು. ಬೀಸಿ ಉಂಡ್ರ ಹಿಂಗಾರಿಗೆ ಏನ್ ಬಿತ್ತೂದು, ಕಲ್ಲು?" ಎಂದಳು. ನಾಯಕನ ಮುಖ ಕೆಂಪೇರಿತು. ಇನ್ನು ಇವಳನ್ನು ಯಾರೂ ಹೆಸರು ಹಿಡಿದು ಕರೆಯಕೂಡದು, ಜುಗ್ಗಿ ಎಂದೇ ಕರೆಯಬೇಕು ಎಂದು ಡಂಗುರ ಸಾರಿಸಿದ. ಬಾವಿಕಟ್ಟೆಯಲ್ಲಿ ಗೆಳತಿಯರೂ ಅವಳನ್ನು ಹಾಗೆಯೇ ಕರೆಯತೊಡಗಿದರಂತೆ. ಆದರೂ ಅವಳು ಚಪ್ಪಡಿ ಸರಿಸಲಿಲ್ಲ.

ಹಿಂಗಾರಿ ಮಳೆ ಹದವಾಗಿ ಬಿತ್ತು. ಬಿತ್ತಲು ಯಾರ ಮನೆಯಲ್ಲೂ ಕಾಳಿಲ್ಲ. ಆಗ ಅವಳೇ ಚಪ್ಪಡಿ ಸರಿಸಿ, ಡಂಗುರ ಹೊಡೆದವನಿಂದ ಹಿಡಿದು ಎಲ್ಲರಿಗೂ ಮನೆಗೊಂದು ಸೇರಿನಂತೆ ಹಂಚಿದಳು. ನಾಯಕನ ಹೊಲಕ್ಕೂ ಅಷ್ಟೇ, ಒಂದು ಕಾಳು ಹೆಚ್ಚಿಲ್ಲ. ನಾಚಿದ ನಾಯಕ, ಇನ್ನು ಇವಳನ್ನು ಧರ್ಮವ್ವ ಎಂದು ಕರೆಯಿರಿ ಎಂದ. ಅವಳು ಒಪ್ಪಲಿಲ್ಲ. "ಊರೆಲ್ಲಾ ದೂರ ಮಾಡಿದಾಗ ನನ್ ಜೋಡಿ ಇದ್ದದ್ದು ಈ ಹೆಸರೊಂದ. ಇದನ್ನ ನಾ ಬಿಡಂಗಿಲ್ಲ" ಎಂದಳಂತೆ. ಅವಳ ಮೊದಲಿನ ಹೆಸರು ಈಗ ಯಾರಿಗೂ ಗೊತ್ತಿಲ್ಲ.

ಇಂದಿಗೂ ಬಿತ್ತನೆಗೆ ಮುನ್ನ ಮನೆಗೊಬ್ಬರು ಬಂದು ಚಪ್ಪಡಿಯ ಮೇಲೆ ಒಂದು ಚಿಟಿಕೆ ಜೋಳ ಇಡುತ್ತಾರೆ. ಬೊಗಸೆ ತುಂಬ ತಂದವರಿಗೆ ಉಳಿದದ್ದನ್ನು ಕಟ್ಟಿಕೊಟ್ಟು ಕಳಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಯಾರೋ ದೊಡ್ಡವರು ಹೆಸರು ಚೆನ್ನಾಗಿಲ್ಲವೆಂದು ದಾರಿಯಲ್ಲಿ 'ಧರ್ಮವ್ವನ ದಿಬ್ಬ' ಎಂಬ ಫಲಕ ನೆಡಿಸಿದರು. ವಾರದೊಳಗೆ ನಮ್ಮ ಹೆಂಗಸರು ಅದಕ್ಕೆ ಡಾಂಬರು ಬಳಿದು, ಸುಣ್ಣದಲ್ಲಿ 'ಜುಗ್ಗವ್ವ' ಎಂದು ಬರೆದರು. ಅಕ್ಷರಗಳು ಸೊಟ್ಟಗಿವೆ. ಮಳೆಗೆ ಅಳಿಸಿದಾಗಲೆಲ್ಲ ಮತ್ತೆ ಬರೆಯುತ್ತಾರೆ. ಹೋದ ಸಲ ಬರೆದವಳು ನನ್ನ ಮೊಮ್ಮಗಳು, ಜುಗ್ಗವ್ವ.