ಚೆನ್ನಾಜಮ್ಮನ ಸೂರಿನ ಕೊನೆಯ ತೂತು

ಚೆನ್ನಾಜಮ್ಮ ಅಂತ ಒಬ್ಬ ಹೆಂಗಸು. ವಯಸ್ಸು ನಲವತ್ತೈದರ ಆಚೀಚೆ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಊರ ಕೊನೆಯಲ್ಲಿ ಅವಳದೊಂದು ನಾಡಹೆಂಚಿನ ಮನೆ. ಮನೆ ಹಿಂದೆ ಒಂದು ತುಂಡು ಹಿಪ್ಪುನೇರಳೆ ತೋಟ. ಮನೆಯೊಳಗೆ ಬಿದಿರಿನ ತಟ್ಟೆಗಳಲ್ಲಿ ರೇಷ್ಮೆ ಹುಳ ಸಾಕಿ, ಗೂಡು ಮಾರಿ, ಯಾರ ಹಂಗೂ ಇಲ್ಲದೆ ಬದುಕುತ್ತಿದ್ದಳು.

ಹಂಗಿಲ್ಲ ಸರಿ, ಆದರೆ ಮಾತಾಡಲು ಜನವೂ ಇರಲಿಲ್ಲ. ಒಂಟಿತನ ಅಂದರೆ ಏನೆಂದು ನಿಮಗೆ ಗೊತ್ತಿಲ್ಲದಿದ್ದರೆ ಇದನ್ನು ಕೇಳಿ. ಉಪ್ಪು ಒಂದು ಸಲ ತಂದರೆ ತಿಂಗಳುಗಟ್ಟಲೆ ಬರುತ್ತದೆ, ಅಲ್ಲವೇ? ಇವಳು ಸಣ್ಣ ಸಣ್ಣ ಪೊಟ್ಟಣದಲ್ಲಿ ತರುತ್ತಿದ್ದಳು. ಮತ್ತೆ ಮತ್ತೆ ಅಂಗಡಿಗೆ ಹೋದರೆ ಅಂಗಡಿಯವನು “ಏನಮ್ಮ ಬೇಕು?” ಅಂತ ಕೇಳುತ್ತಾನಲ್ಲ, ಅದಕ್ಕೆ! ಅಷ್ಟು ಕೇಳಿಸಿಕೊಂಡು ಮನೆಗೆ ಬರುತ್ತಿದ್ದಳು.

ಎದುರು ಮನೆಯಲ್ಲಿ ಸಣ್ಣತಾಯಮ್ಮ ಇದ್ದಳು, ಅವಳ ಸೊಸೆಯೂ ಇದ್ದಳು. ಗಂಡ ಸತ್ತ ಹೊಸದರಲ್ಲಿ ಅವರಿಬ್ಬರೂ ಸಮಾಧಾನ ಹೇಳಲು ಬಂದಿದ್ದರು. ಚೆನ್ನಾಜಮ್ಮ ಆ ದುಃಖದಲ್ಲಿ ಬಾಗಿಲು ತೆಗೆಯಲಿಲ್ಲ. ಮತ್ತೆ ಬಂದರು, ಆಗಲೂ ತೆಗೆಯಲಿಲ್ಲ. ಆಮೇಲೆ ಅವರು ಬರುವುದನ್ನು ಬಿಟ್ಟರು. ಈಗ ತಾನಾಗಿ ಹೋಗಿ ಮಾತಾಡಿಸೋಣವೆಂದರೆ ಇವಳಿಗೆ ಮುಖವಿಲ್ಲ. ಬೀದಿ ಎಷ್ಟು ಅಗಲ ಅಂತೀರಿ? ಒಂದು ಎತ್ತಿನಗಾಡಿ ಹೋಗುವಷ್ಟು. ಅಷ್ಟನ್ನು ದಾಟಲು ಅವಳಿಗೆ ಆಗಿರಲಿಲ್ಲ.

ಇನ್ನು ಆ ಮನೆಯ ಸೂರಿನ ವಿಷಯ. ನಾಡಹೆಂಚು ಅಂದರೆ ಕೋತಿಗಳಿಗೆ ಬಲು ಪ್ರೀತಿ. ಮೇಲೆ ಕುಣಿಯುತ್ತವೆ, ಹೆಂಚು ಸರಿಸುತ್ತವೆ, ಒಡೆಯುತ್ತವೆ. ಹಾಗಾಗಿ ಯುಗಾದಿ ಕಳೆದು ಮಳೆ ಹಿಡಿಯುವುದರೊಳಗೆ ಹೆಂಚು ಕೈಯಾಡಿಸುವವರನ್ನು ಕರೆಸಬೇಕು. ಅವರು ಸೂರು ಹತ್ತಿ, ಸರಿದದ್ದನ್ನು ಕೂರಿಸಿ, ಒಡೆದದ್ದನ್ನು ಬದಲಿಸಿ ಇಳಿಯುತ್ತಾರೆ. ಉಳಿದವರ ಮನೆಯಲ್ಲಿ ಒಂದು ಹೆಂಚು ತಪ್ಪಿದರೆ ಕೆಳಗೊಂದು ಪಾತ್ರೆ ಇಟ್ಟರಾಯಿತು. ಹುಳದ ಮನೆಯಲ್ಲಿ ಹಾಗಲ್ಲ. ತೇವ ಸೊಪ್ಪು ತಿಂದರೆ ಹುಳಕ್ಕೆ ರೋಗ. ಒಂದು ತಟ್ಟೆಗೆ ಬಂದ ರೋಗ ಎಲ್ಲ ತಟ್ಟೆಗೂ ಬರುತ್ತದೆ.

ಚೆನ್ನಾಜಮ್ಮ ಪ್ರತಿ ವರ್ಷ ಪಕ್ಕದೂರಿನ ಮಾದೇಶನನ್ನು ಕರೆಸುತ್ತಿದ್ದಳು. ಮಾದೇಶನ ಬಾಯಿ ಬಲು ಸಿಹಿ. ಅರ್ಧ ಗಳಿಗೆ ಸೂರಿನ ಮೇಲಿದ್ದರೆ ಒಂದು ಗಳಿಗೆ ಜಗಲಿಯ ಮೇಲೆ.

“ಅಕ್ಕಾ, ನಿಮ್ಮ ಕೈ ಕಾಫಿ ಇನ್ನೆಲ್ಲೂ ಸಿಗಾಕಿಲ್ಲ ಬುಡಿ,” ಅನ್ನುತ್ತಿದ್ದ. ಆಮೇಲೆ ಗೋಡೆಗೊರಗಿ ಕೂತು, “ಯಜಮಾನ್ರು ದೇವರಂತೋರು. ಅವರು ಈ ಜಗಲಿ ಮ್ಯಾಲೆ ಕುಂತಿದ್ರೆ ಬೀದಿಗೇ ಒಂದು ಕಳೆ,” ಅನ್ನುತ್ತಿದ್ದ.

ಈ ಎರಡನೇ ಮಾತಿಗೆ ಚೆನ್ನಾಜಮ್ಮ ಕರಗಿ ನೀರಾಗುತ್ತಿದ್ದಳು. ಅವಳ ಗಂಡನನ್ನು ನೆನೆಯುವವರು ಊರಲ್ಲಿ ಬೇರೆ ಯಾರಿದ್ದರು? ವರ್ಷಕ್ಕೊಮ್ಮೆ ಆ ಮಾತು ಕೇಳಲು ಅವಳು ಯುಗಾದಿಯನ್ನೇ ಕಾಯುತ್ತಿದ್ದಳು.

ಹೊರಡುವಾಗ ಮಾದೇಶ ತಪ್ಪದೆ ಹೇಳುತ್ತಿದ್ದ: “ಆ ಮೂಲೆ ಒಂದು ಉಳ್ಕಂಡದೆ ಅಕ್ಕ. ಮಳೆ ಸುರುವಾದ್ಮೇಲೆ ಬಂದು ನೋಡ್ತೀನಿ.”

“ಆಗಲಪ್ಪ, ಬಾ,” ಅನ್ನುತ್ತಿದ್ದಳು ಇವಳು, ಖುಷಿಯಿಂದ.

ಅಲ್ಲ, ಸೂರಿನಲ್ಲಿ ಒಂದು ಮೂಲೆ ಬಿಟ್ಟು ಹೋಗುತ್ತಿದ್ದೇನೆ ಅಂದರೆ ಯಾರಾದರೂ ಖುಷಿಪಡುತ್ತಾರೆಯೇ? ಇವಳು ಪಡುತ್ತಿದ್ದಳು. ಸೋರಿದರೆ ಮಾದೇಶ ಇನ್ನೊಂದು ಸಲ ಬರುತ್ತಾನೆ, ಇನ್ನೊಂದು ಸಲ ಕಾಫಿ, ಇನ್ನೊಂದು ಸಲ ಗಂಡನ ಮಾತು. ಅವನು ಬೇಕೆಂದೇ ಕೆಲಸ ಉಳಿಸುತ್ತಾನೆ ಅನ್ನುವುದು ಅವಳಿಗೆ ಒಳಗೊಳಗೇ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದಳು. ಪ್ರತಿ ಮಳೆಗೂ ಅರ್ಧಕ್ಕರ್ಧ ಹುಳ ಸಾಯುತ್ತಿತ್ತು. ಉಳಿದ ಅರ್ಧದಲ್ಲಿ ಹೇಗೋ ಜೀವನ ಸಾಗುತ್ತಿತ್ತು.

ಒಂದು ವರ್ಷ ಆ ಅರ್ಧವೂ ಉಳಿಯಲಿಲ್ಲ. ಹುಳ ಗೂಡು ಕಟ್ಟುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಮಾದೇಶ ಬಿಟ್ಟು ಹೋದ ಮೂಲೆಯಿಂದ ನೀರು ಇಳಿದು ತಟ್ಟೆಗಳ ಮೇಲೆ ಬಿತ್ತು. ಹೇಳಿ ಕಳಿಸಿದಳು, ಅವನು ಬರಲಿಲ್ಲ. ಮತ್ತೆ ಹೇಳಿ ಕಳಿಸಿದಳು, “ಬತ್ತೀನಿ ಅನ್ನಿ ಅಕ್ಕನಿಗೆ” ಅನ್ನುವ ಮಾತು ಬಂತು, ಅವನು ಬರಲಿಲ್ಲ. ತೋಟದಲ್ಲಿ ಗುಂಡಿ ತೋಡಿ, ತಟ್ಟೆ ತಟ್ಟೆ ಹುಳ ಸುರಿದು, ಒಬ್ಬಳೇ ಮಣ್ಣು ಮುಚ್ಚಿದಳು. ಪಾಪ, ಅವುಗಳ ಸೊಪ್ಪು ಮೇಯುವ ಸದ್ದು ಒಂದೇ ಆ ಮನೆಯಲ್ಲಿ ಅವಳಿಗಿದ್ದ ಸದ್ದು. ಅದೂ ನಿಂತಿತು.

ಸುದ್ದಿ ಕೇಳಿ ಅವಳ ಅಣ್ಣ ಬಂದ. ಕೆಟ್ಟವನಲ್ಲ, ಆದರೆ ಮಾತು ಖಡಾಖಂಡಿತ. “ಮುಂದಿನ ಬೆಳೆಯೂ ಹಿಂಗೇ ಹೋದ್ರೆ ಈ ಮನೆ ಮಾರ್ಬುಟ್ಟು ನಮ್ಮಲ್ಲಿಗೆ ಬಂದ್ಬುಡು ಚೆನ್ನಾಜಿ. ಅಡುಗೆಮನೆ ಪಕ್ಕ ಒಂದು ಜಾಗ ಐತೆ, ಮಲಿಕ್ಕಬಹುದು,” ಅಂದ.

ಅಡುಗೆಮನೆ ಪಕ್ಕದ ಜಾಗ! ತನ್ನ ಮನೆಯಲ್ಲಿ ಒಂಟಿಯಾಗಿರುವುದು ಒಂದು ಬಗೆ, ಹತ್ತು ಜನರ ಮನೆಯಲ್ಲಿ ಒಂಟಿಯಾಗಿರುವುದು ಇನ್ನೊಂದು ಬಗೆ. ಈ ಸಲ ಸೂರು ಗಟ್ಟಿಯಾಗಲೇಬೇಕು. ಇಲ್ಲದಿದ್ದರೆ ಮನೆಯೂ ಹೋಯಿತು, ತೋಟವೂ ಹೋಯಿತು.

ಯುಗಾದಿ ಕಳೆಯಿತು. ಚೆನ್ನಾಜಮ್ಮ ತಾನೇ ಹೊರಟಳು ಮಾದೇಶನನ್ನು ಕರೆಯಲು. ಪಕ್ಕದೂರಿನ ಬೀದಿಯಲ್ಲಿ ಒಂದು ಮನೆಗೆ ಏಣಿ ಒರಗಿಸಿತ್ತು. ಜಗಲಿಯಲ್ಲಿ ಮಾದೇಶ ಗೋಡೆಗೊರಗಿ ಕೂತಿದ್ದ, ಕೈಯಲ್ಲಿ ಲೋಟ. ಎದುರಿಗೆ ಬಿಳಿ ಸೀರೆಯ ಒಬ್ಬ ಮುದುಕಿ.

“ನಿಮ್ಮ ಕೈ ಕಾಫಿ ಇನ್ನೆಲ್ಲೂ ಸಿಗಾಕಿಲ್ಲ ಬುಡಿ,” ಅನ್ನುತ್ತಿದ್ದ ಮಾದೇಶ. “ಯಜಮಾನ್ರು ದೇವರಂತೋರು. ಅವರು ಈ ಜಗಲಿ ಮ್ಯಾಲೆ ಕುಂತಿದ್ರೆ ಬೀದಿಗೇ ಒಂದು ಕಳೆ.”

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚೆನ್ನಾಜಮ್ಮ ಏಣಿಯ ಹಿಂದೆ ನಿಂತು ಎಲ್ಲ ಕೇಳಿದಳು. ಜಗಳಕ್ಕೆ ಹೋಗಲಿಲ್ಲ. ಕರೆಯಲೂ ಇಲ್ಲ. ಬಂದ ದಾರಿಯಲ್ಲೇ ತಿರುಗಿ ನಡೆದಳು. ಹೊಲದ ಬದುವಿನ ಮೇಲೆ ಯಾರೂ ಇಲ್ಲದ ಕಡೆ ಕೂತು ಅತ್ತಳು. ಸೋರಿದ್ದಕ್ಕೆ ಅಳಲಿಲ್ಲ, ಹುಳ ಸತ್ತದ್ದಕ್ಕೂ ಅಲ್ಲ. ಆ ಮಾತು ತನ್ನ ಗಂಡನ ಬಗ್ಗೆ ಆಡಿದ್ದೇ ಅಲ್ಲ ಅಂತ ಅತ್ತಳು.

ಊರಿಗೆ ಬಂದವಳೇ ಅಂಗಡಿಯಲ್ಲಿ ಕೇಳಿದಳು: “ಹೆಂಚು ಕೈಯಾಡಿಸೋರು ಬೇರೆ ಯಾರಾದ್ರೂ ಅವ್ರಾ?”

“ಜವರಯ್ಯ ಅಂತ ಒಬ್ಬ ಅವ್ನೆ ಕನಮ್ಮ,” ಅಂದ ಅಂಗಡಿಯವನು. “ಮಾತಾಡಿದ್ರೆ ಕಚ್ಚೋ ಹಂಗೆ ಮಾತಾಡ್ತಾನೆ. ಒಂದ್ಸಲ ಕರೆದೋರು ಇನ್ನೊಂದ್ಸಲ ಕರೆಯಲ್ಲ.”

“ಯಾಕೆ, ಕೆಲಸ ಕೆಟ್ಟದಾ?”

“ಸೋರಿದ್ರೆ ತಾನೇ ಇನ್ನೊಂದ್ಸಲ ಕರೆಯೋದು?”

ಚೆನ್ನಾಜಮ್ಮ ಹೇಳಿ ಕಳಿಸಿದಳು. ಮರುದಿನ ಬೆಳಿಗ್ಗೆಯೇ ಜವರಯ್ಯ ಏಣಿ ಹೊತ್ತು ಬಂದ. ಬಡಕಲು ಮೈ, ಸಿಡುಕು ಮುಖ. ಇವಳು ಕಾಫಿ ತಂದಳು. ಅವನು ಲೋಟದ ಕಡೆ ನೋಡಲೂ ಇಲ್ಲ.

“ಕಾಫಿ ಆಮ್ಯಾಕೆ. ಬಾಗ್ಲು ಕಿಟಕಿ ಎಲ್ಲ ಹಾಕ್ಕಂಡು ಒಳಗೆ ನಿಂತ್ಕಳಿ. ಕೈಲೊಂದು ಉದ್ದ ಕೋಲು ಹಿಡ್ಕಳಿ.”

“ನಾನ್ಯಾಕಪ್ಪ ಒಳಗೆ?”

“ತೂತು ಮ್ಯಾಲಿಂದ ಕಾಣಾಕಿಲ್ಲ ಕನವ್ವ. ಒಳಗಿರೋರಿಗೇ ಕಾಣೋದು. ಎಲ್ಲಿ ಬೆಳಕು ಕಾಣ್ತದೋ ಅಲ್ಲಿ ಕೋಲಲ್ಲಿ ಕುಟ್ಟಿ. ನಾನು ಅಲ್ಲಿಗೆ ಬತ್ತೀನಿ.”

ಇಷ್ಟು ವರ್ಷದಲ್ಲಿ ಮಾದೇಶ ಅವಳನ್ನು ಒಂದು ದಿನವೂ ಒಳಗೆ ನಿಲ್ಲಿಸಿರಲಿಲ್ಲ. ಜಗಲಿಯಲ್ಲೇ ಕೂರಿಸಿಕೊಂಡು ಮಾತಾಡಿಸಿದ್ದ.

ಬಾಗಿಲು ಹಾಕಿ ಕತ್ತಲೆಯಲ್ಲಿ ತಲೆಯೆತ್ತಿದರೆ, ಅಯ್ಯೋ ಶಿವನೇ! ಸೂರಿನ ತುಂಬ ಬೆಳಕಿನ ಚುಕ್ಕಿಗಳು. ಹುಳದ ತಟ್ಟೆ ಇಡುವ ಜಾಗದ ಮೇಲಂತೂ ರಾತ್ರಿಯ ಆಕಾಶ ನೋಡಿದ ಹಾಗಿತ್ತು. ಇಂಥ ಸೂರಿನ ಕೆಳಗೆ ತಾನು ಬದುಕುತ್ತಿದ್ದೆನೇ ಅಂತ ಅವಳಿಗೆ ನಾಚಿಕೆಯಾಯಿತು.

ಕೋಲೆತ್ತಿ ಒಂದು ಚುಕ್ಕಿಯ ಪಕ್ಕ ಕುಟ್ಟಿದಳು, ಟಕ್ ಟಕ್. ಮೇಲೆ ಮೆಲ್ಲಗೆ ಹೆಜ್ಜೆ ಸರಿದ ಸದ್ದು. ಹೆಂಚು ಅಲುಗಿತು. ಚುಕ್ಕಿ ಮಾಯವಾಯಿತು. ಮೇಲಿನಿಂದ ಜವರಯ್ಯ ಬೆರಳ ಗೆಣ್ಣಿನಿಂದ ಕುಟ್ಟಿದ, ಟಕ್ ಟಕ್. ಆಯಿತು, ಮುಂದಿನದು ಅಂತ ಅರ್ಥ.

ಹೀಗೇ ನಡೆಯಿತು. ಇವಳು ಕೆಳಗಿಂದ ಕುಟ್ಟುವುದು, ಅವನು ಮೇಲಿಂದ ಕುಟ್ಟುವುದು. ಒಂದು ಮಾತಿಲ್ಲ. ಆದರೆ ಚೆನ್ನಾಜಮ್ಮನಿಗೆ ಒಂಥರಾ ಹಿತವಾಯಿತು. ಕರೆದ ಕೂಡಲೇ ಓಗೊಡುವವರು ಅವಳಿಗೆ ಎಷ್ಟು ಕಾಲವಾಗಿತ್ತು ಸಿಕ್ಕಿ! ಒಂದೊಂದೇ ಚುಕ್ಕಿ ಆರಿ, ಮನೆ ಕತ್ತಲಾಗುತ್ತಾ ಬಂತು. ಕತ್ತಲಾಗುತ್ತಾ ಬಂದ ಹಾಗೆ ಅವಳಿಗೆ ದಿಗಿಲೂ ಹತ್ತಿತು. ಇದೂ ಮುಗಿದುಹೋಗುತ್ತದಲ್ಲ!

ಕೊನೆಗೆ ಒಂದೇ ಚುಕ್ಕಿ ಉಳಿಯಿತು. ಹುಳದ ತಟ್ಟೆಗಳಿಂದ ದೂರ, ಒಲೆಯ ಮೇಲೆ.

ಚೆನ್ನಾಜಮ್ಮ ಕೋಲು ಎತ್ತಿದಳು. ಕುಟ್ಟಲಿಲ್ಲ. ಅಲ್ಲೇ ಎತ್ತಿ ಹಿಡಿದು ನಿಂತಳು. ಇದೊಂದು ಇದ್ದರೆ ಏನಾಗುತ್ತದೆ? ಹುಳಕ್ಕೆ ತೊಂದರೆಯಿಲ್ಲ. ಮಳೆ ಬಂದಾಗ ಹೇಳಿ ಕಳಿಸಬಹುದು. ಮನೆಗೆ ಒಬ್ಬ ಮನುಷ್ಯ ಬರುತ್ತಾನೆ. ಕಾಫಿ ಕುಡಿಯುತ್ತಾನೆ. ಹೀಗೆಲ್ಲ ಯೋಚಿಸಿದಳು, ನೋಡಿ.

“ಮುಗೀತಾ ಅವ್ವ?” ಜವರಯ್ಯ ಮೇಲಿಂದ ಕೂಗಿದ.

ಅವಳು ಆ ಚುಕ್ಕಿಯನ್ನೇ ನೋಡಿದಳು.

“ನಂಗಿಲ್ಲಿಂದ ಒಂದೂ ಕಾಣಾಕಿಲ್ಲ. ನೀವು ಮುಗೀತು ಅಂದ್ರೆ ಮುಗೀತು. ನಿಮ್ಮ ಮಾತ ನಂಬ್ಕಂಡು ಇಳೀತೀನಿ.”

ಆ ಮಾತು ಅವಳಿಗೆ ನಾಟಿತು. ನಂಬಿಕಸ್ಥ ಎಲ್ಲಿ ಸಿಗುತ್ತಾನೆ ಅಂತ ಹುಡುಕಿಕೊಂಡು ಹೊರಟವಳು ತಾನು. ಈಗ ಅವನು ತನ್ನನ್ನು ನಂಬಿ ಮೇಲೆ ನಿಂತಿದ್ದಾನೆ. ಮಾದೇಶ ಮೂಲೆ ಉಳಿಸಿದ, ತಾನು ತೂತು ಉಳಿಸಿದರೆ ಅವನಿಗೂ ತನಗೂ ಏನು ವ್ಯತ್ಯಾಸ?

ಟಕ್ ಟಕ್.

ಹೆಜ್ಜೆ ಸರಿಯಿತು, ಹೆಂಚು ಕೂತಿತು. ಟಕ್ ಟಕ್. ಮನೆ ಪೂರ್ತಿ ಕತ್ತಲಾಯಿತು.

ಜವರಯ್ಯ ಇಳಿದು ಬಂದು, ಆರಿದ ಕಾಫಿಯನ್ನು ನಿಂತೇ ಕುಡಿದ. “ಮ್ಯಾಲೆ ಮುಳ್ಳುಕಂಟಿ ಹೊದಿಸಿವ್ನಿ, ಕೋತಿ ಸುಳಿಯಾಕಿಲ್ಲ,” ಅಂದ.

“ಮುಂದಿನ ವರ್ಷ ಬರ್ತೀಯಾ ಜವರಯ್ಯ?”

“ಯಾಕೆ ಬರ್ಲಿ? ಸೋರಿದ್ರೆ ಹೇಳಿ ಕಳ್ಸಿ. ಸೋರಾಕಿಲ್ಲ,” ಅಂದು ಏಣಿ ಹೊತ್ತು ಹೊರಟೇಬಿಟ್ಟ. ಒಂದು ಸಲವಾದರೂ ತಿರುಗಿ ನೋಡಿದನೇ? ಇಲ್ಲ.

ಹೊಸ ಹುಳ ತಂದಳು. ಮಳೆಯೂ ಬಂತು, ಹುಚ್ಚು ಮಳೆ. ಚೆನ್ನಾಜಮ್ಮ ಅಭ್ಯಾಸದಂತೆ ಪಾತ್ರೆಗಳನ್ನು ಸಾಲಾಗಿ ಇಟ್ಟು ಕಾದಳು. ಒಂದು ಹನಿ ಬೀಳಲಿಲ್ಲ. ಒಣಗಿದ ಮನೆಯ ನಡುವೆ, ಒಣಗಿದ ಪಾತ್ರೆಗಳ ಪಕ್ಕ, ಅವಳು ಒಬ್ಬಳೇ ಕೂತಿದ್ದಳು. ಹೇಳಿ ಕಳಿಸಲು ಕಾರಣವಿಲ್ಲ, ಬರುವವರು ಯಾರೂ ಇಲ್ಲ. ಸೂರು ಗಟ್ಟಿಯಾದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದಳು. ಅಷ್ಟು ಒಂಟಿ ಅಂತ ಅವಳಿಗೆ ಯಾವತ್ತೂ ಅನಿಸಿರಲಿಲ್ಲ.

ಆದರೆ ಹುಳಗಳು ಮೇಯುತ್ತಿದ್ದವು. ಎಲ್ಲ ತಟ್ಟೆಯಲ್ಲೂ, ಒಂದೂ ಸಾಯದೆ. ಒಂದು ಬೆಳಿಗ್ಗೆ ಎದ್ದು ನೋಡುತ್ತಾಳೆ, ಹುಳವೆಲ್ಲ ಹಳದಿ ತಿರುಗಿ ತಲೆಯೆತ್ತಿ ಆಡಿಸುತ್ತಿವೆ. ಹಣ್ಣಾಗಿದ್ದವು! ಹಣ್ಣಾದ ಹುಳವನ್ನು ಅಂದೇ ಆರಿಸಿ ಚಂದ್ರಿಕೆಯ ಮೇಲೆ ಬಿಡಬೇಕು. ಬಿದಿರಿನ ಆ ಚಂದ್ರಿಕೆಯಲ್ಲೇ ಅವು ಗೂಡು ಕಟ್ಟುವುದು. ತಡವಾದರೆ ತಟ್ಟೆಯ ಕಸದಲ್ಲೇ ನೂಲು ಬಿಟ್ಟು ಎಲ್ಲ ಹಾಳು. ಹಿಂದಿನ ವರ್ಷಗಳಲ್ಲಿ ಅರ್ಧ ಹುಳ ಸತ್ತಿರುತ್ತಿತ್ತು, ಅವಳ ಎರಡು ಕೈ ಸಾಕಾಗುತ್ತಿತ್ತು. ಈಗ ಸಾಲದು. ಎಷ್ಟು ಬೇಗ ಆರಿಸಿದರೂ ಮುಗಿಯದು. ಸಂಜೆಯೊಳಗೆ ಆಗದಿದ್ದರೆ ಬೆಳೆ ಹೋಯಿತು, ಮನೆ ಹೋಯಿತು, ಅಣ್ಣನ ಅಡುಗೆಮನೆಯ ಪಕ್ಕದ ಜಾಗವೇ ಗತಿ.

ಚೆನ್ನಾಜಮ್ಮ ಕೈ ಒರೆಸಿಕೊಂಡು ಹೊರಗೆ ಬಂದಳು. ಬೀದಿ ದಾಟಿದಳು. ಸಣ್ಣತಾಯಮ್ಮನ ಬಾಗಿಲು ಹಾಕಿತ್ತು. ಒಂದು ಕಾಲದಲ್ಲಿ ಅವರು ತನ್ನ ಬಾಗಿಲ ಮುಂದೆ ಹೀಗೇ ನಿಂತಿದ್ದರಲ್ಲ ಅಂತ ನೆನಪಾಯಿತು. ಅವರು ತೆಗೆಯದಿದ್ದರೆ? ತೆಗೆಯದಿದ್ದರೂ ನ್ಯಾಯವೇ.

ಕೈಯೆತ್ತಿದಳು. ಟಕ್ ಟಕ್.

ಒಳಗಿನಿಂದ, “ಯಾರು? ಬಂದೆ ತಾಳಿ!”

ಬಾಗಿಲು ತೆರೆದ ಸಣ್ಣತಾಯಮ್ಮ ಇವಳ ಮುಖವನ್ನೇ ನೋಡಿದಳು.

“ಅಕ್ಕ, ಹುಳ ಹಣ್ಣಾಗವೆ. ನನ್ನೊಬ್ಳ ಕೈಲಿ ಆಗ್ತಿಲ್ಲ,” ಅಂದಳು ಚೆನ್ನಾಜಮ್ಮ.

ಸಣ್ಣತಾಯಮ್ಮ ಹಳೆಯದೇನೂ ಎತ್ತಲಿಲ್ಲ. ಒಳಗೆ ತಿರುಗಿ ಸೊಸೆಯನ್ನು ಕೂಗಿದಳು, “ಒಲೆ ಆರಿಸಿ ಬಾ ಮಗ, ಎದುರು ಮನೇಲಿ ಹುಳ ಹಣ್ಣಾಗವಂತೆ!” ಬೀದಿ ದಾಟುತ್ತಾ ಬೈದಳು, “ಇಷ್ಟು ವರ್ಷ ಒಬ್ಳೇ ಹೆಂಗೆ ಮಾಡ್ತಿದ್ದೆ ನೀನು? ಬಾಯಿ ಇರ್ಲಿಲ್ವಾ ಕರೆಯಾಕೆ?”

“ಇಷ್ಟು ಹುಳ ಉಳೀತಾನೇ ಇರ್ಲಿಲ್ಲ ಅಕ್ಕ,” ಅಂದಳು ಚೆನ್ನಾಜಮ್ಮ.

ಮೂವರೂ ಸಂಜೆಯೊಳಗೆ ಎಲ್ಲ ಹುಳವನ್ನೂ ಚಂದ್ರಿಕೆಗೆ ಬಿಟ್ಟರು. ಗೂಡು ಚೆನ್ನಾಗಿ ಬಂತು, ಮನೆ ಉಳಿಯಿತು. ಒಂಟಿತನ ಪೂರ್ತಿ ಹೋಯಿತೇ ಅಂತ ಕೇಳಬೇಡಿ. ಅದು ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ಚೆನ್ನಾಜಮ್ಮ ಈಗಲೂ ಉಪ್ಪನ್ನು ಸಣ್ಣ ಪೊಟ್ಟಣದಲ್ಲೇ ತರುತ್ತಾಳೆ. ಆದರೆ ಒಮ್ಮೊಮ್ಮೆ ಅಂಗಡಿಗೆ ಹೋಗದೆ, ಎದುರು ಮನೆಗೆ ಹೋಗಿ ಒಂದು ಹಿಡಿ ಕೇಳಿ ತರುತ್ತಾಳೆ.

ನೀತಿ: ಸೂರು ರಿಪೇರಿಗೆ ಜನ ಆರಿಸುವಾಗ ಜಗಲಿಯಲ್ಲಿ ಕೂತು ಸಿಹಿ ಮಾತಾಡುವವನನ್ನು ನಂಬಬೇಡಿ. ನಿಮ್ಮನ್ನು ಒಳಗೆ ನಿಲ್ಲಿಸಿ, ತೂತು ನೀವೇ ನೋಡಿ ಹೇಳಿ ಅನ್ನುವವನನ್ನು ನಂಬಿ. ಅಂಥವನು ಸಿಕ್ಕಾಗ ನೀವೂ ಅವನಿಗೆ ನಿಜವನ್ನೇ ಹೇಳಿ. ಇನ್ನು, ಮನೆಗೆ ಜನ ಬರಲಿ ಅನ್ನುವ ಆಸೆಯಿದ್ದರೆ ಹೋಗಿ ಬಾಗಿಲು ತಟ್ಟಿ ಕರೆಯಿರಿ. ಅದಕ್ಕಾಗಿ ಸೂರಿನಲ್ಲಿ ತೂತು ಉಳಿಸಿಕೊಳ್ಳಬೇಡಿ.