ಆಚೆ ದಡದ ಕೂಗು

"ಗುರುಗಳೇ, ನಮ್ಮ ಊರಿನವರೇ ಹಿಂದೊಮ್ಮೆ ಒಂದು ಕೇರಿಗೆ ಬೆಂಕಿ ಇಟ್ಟರಲ್ಲ, ಅದನ್ನು ಆರು ವರ್ಷದ ಮಕ್ಕಳಿಗೆ ಹೇಳಬೇಕೋ, ಬೇಡವೋ?"

ಕೇಳಿದವನು ಅಡಿವೆಪ್ಪ. ಮಠದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಹಿಂದಿನ ಕಾಲದ ಸಂಗತಿ ಹೇಳುವ ಕೆಲಸ ಅವನದು ಮತ್ತು ಮುರಿಗೆಪ್ಪನದು. ಮುರಿಗೆಪ್ಪ ಆನೆ, ಕೋಟೆ, ಗೆಲುವು ಇಷ್ಟನ್ನೇ ಹೇಳುತ್ತಿದ್ದ. ಮಕ್ಕಳು ಅವನ ಜಗಲಿಯ ಮೇಲೆ ನೂಕಾಡಿಕೊಂಡು ಕೂರುತ್ತಿದ್ದರು. ಅಡಿವೆಪ್ಪ ನಿಜ ಹೇಳುತ್ತಿದ್ದ. ಅವನ ಮುಂದೆ ಮೂವರು ಇರುತ್ತಿದ್ದರು. ಅವರಲ್ಲಿ ಒಬ್ಬಳು ತೂಕಡಿಸುತ್ತಿದ್ದಳು. ಜಗಲಿಯಿಂದ ನಗು ಕೇಳಿದಾಗಲೆಲ್ಲ ಅವನ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು. ಅದಕ್ಕೆ ಅವನು ಸತ್ಯದ ಕಾಳಜಿ ಎಂದು ಹೆಸರಿಟ್ಟಿದ್ದ.

ಮುಂದಿನ ತಿಂಗಳಿಂದ ಮಕ್ಕಳನ್ನೆಲ್ಲ ಇಬ್ಬರಲ್ಲಿ ಒಬ್ಬನಿಗೇ ಒಪ್ಪಿಸುವ ಮಾತಿತ್ತು. 'ಹೇಳಬೇಕು' ಎಂದು ಗುರುಗಳ ಬಾಯಿಂದ ಬಂದರೆ ಅಡಿವೆಪ್ಪನಿಗೆ ಸಾಕಿತ್ತು.

ಗುರುಗಳು ಕತೆ ಹೇಳಿದರು.

ಹೊಳೆಯ ದಂಡೆಯ ಒಂದು ಊರು. ಅಲ್ಲಿ ದೋಣಿ ನಡೆಸಲು ಮಗುವಿನ ಕೈಗೆ ಹುಟ್ಟು ಕೊಡುವ ಮೊದಲು ಆ ಮಗುವನ್ನು ಹರಿಗೋಲಿನಲ್ಲಿ ಒಯ್ದು ಆಚೆ ದಡದಲ್ಲಿ ಒಂಟಿಯಾಗಿ ಇಳಿಸಿ ಬರುತ್ತಿದ್ದರು. ಮಗು ಕೂಗಬೇಕು. ಮೂರನೆಯ ಕೂಗಿಗೆ ಒಬ್ಬ ಅಂಬಿಗ ಹೋಗಿ ಕರೆತರುತ್ತಿದ್ದ. ನಡುನೀರಿನಲ್ಲಿ ಹೇಳುತ್ತಿದ್ದ: "ಬೇನೆ ಬಂದ ವರ್ಷ ಆ ದಡದಲ್ಲಿ ಹನ್ನೊಂದು ಜನ ಕೂಗಿದರು. ಬೇನೆ ತಮಗೂ ತಗಲೀತೆಂದು ನಮ್ಮವರು ಹೋಗಲಿಲ್ಲ. ಈಜಿ ಬರಲು ಹೋಗಿ ಅವರೆಲ್ಲ ಮುಳುಗಿದರು." ಅಷ್ಟೇ. ಎರಡನೆಯ ಸಲ ಹೇಳುವ ರೂಢಿ ಇರಲಿಲ್ಲ.

ಅದೇ ಊರಿನಲ್ಲಿ ಇನ್ನೊಬ್ಬ ಅಂಬಿಗನಿದ್ದ. ತಮ್ಮ ಹಿರಿಯರು ರಾಜನ ಆನೆಗಳನ್ನು ಹೊಳೆ ದಾಟಿಸಿದ್ದನ್ನು ದಿನಾ ಹೇಳುತ್ತಿದ್ದ. ಮಕ್ಕಳು ಅವನ ಬೆನ್ನು ಬಿಡುತ್ತಿರಲಿಲ್ಲ.

ಈ ಅಂಬಿಗ ಯಾರೆಂದು ಅಡಿವೆಪ್ಪನಿಗೆ ತಕ್ಷಣ ತಿಳಿಯಿತು. ಅವನು ನೆಟ್ಟಗೆ ಕೂತ.

ಮೊದಲನೆಯ ಅಂಬಿಗನಿಗೆ ಇದನ್ನು ಸಹಿಸಲಾಗಲಿಲ್ಲ. ಅವನು ತನ್ನ ಮಾತನ್ನು ಬೆಳೆಸಿದ. ಹನ್ನೊಂದು ಜನ ನೂರಾದರು. ನೀರಿನ ಮೇಲೆ ಕೂದಲು ತೇಲಿತು. ಹೆಣಗಳ ಕಣ್ಣನ್ನು ಮೀನುಗಳು ತಿಂದವು. ಒಬ್ಬೊಬ್ಬರೂ ಹೇಗೆ ಕಿರುಚಿದರೆಂದು ಕಿರುಚಿ ತೋರಿಸಿದ. ಮಕ್ಕಳು ಬಂದರು. ಮತ್ತೆ ಹೇಳು ಎಂದರು. ಮತ್ತೆ ಹೇಳಿದ. ಆಚೆ ದಡದಲ್ಲಿ ಒಂಟಿಯಾಗಿ ನಿಲ್ಲುವುದು ಅವರಿಗೆ ಬೇಸರದ ಕೆಲಸವಾಗಿತ್ತು, ಅದನ್ನು ಬಿಟ್ಟುಬಿಟ್ಟ.

"ಏನಣ್ಣಾ, ನಿನ್ನ ಹೆಣಗಳ ಮುಂದೆ ನನ್ನ ಆನೆ ನಿಲ್ಲಲಿಲ್ಲವಲ್ಲ," ಎಂದ ಇನ್ನೊಬ್ಬ.

"ಆನೆ ಸತ್ತರೆ ಹೇಳು, ನಾನೂ ಬಂದು ಕೇಳುತ್ತೇನೆ," ಎಂದ ಮೊದಲನೆಯವನು. ಅವತ್ತು ಅವನಿಗೆ ಎರಡು ತುತ್ತು ಹೆಚ್ಚು ಸೇರಿತು.

ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಹೊಳೆ ಏರಿತು. ಆಚೆ ದಡದ ಒಂದು ದಿಬ್ಬದ ಮೇಲೆ ನಾಲ್ಕು ಜನ ಸಿಕ್ಕಿಕೊಂಡು ಕೂಗುತ್ತಿದ್ದರು. ನೀರು ಅವರ ಮೊಣಕಾಲಿಗೆ ಬಂದಿತ್ತು. ಮೊದಲನೆಯ ಅಂಬಿಗ ಹುಟ್ಟು ಹೊತ್ತು ಓಡಿದ. ಅವನಿಗಿಂತ ಮೊದಲೇ ಊರಿನ ಮಕ್ಕಳು ದಡದಲ್ಲಿ ಸಾಲಾಗಿ ಕೂತಿದ್ದರು. ಚಿಕ್ಕವರಿಗೆ ಕಾಣಲೆಂದು ಅವರನ್ನು ಮುಂದೆ ಕೂರಿಸಿದ್ದರು.

ಅಂಬಿಗ ಹರಿಗೋಲಿನ ಹಗ್ಗ ಬಿಚ್ಚಿದ. ಅವನ ಮೊಮ್ಮಗಳು ಬಂದು ಅವನ ಪಂಚೆ ಹಿಡಿದಳು.

"ತಾತಾ, ಇನ್ನೊಂದು ಸ್ವಲ್ಪ ತಡಿ. ಅವರು ಇನ್ನೂ ಮುಳುಗೇ ಇಲ್ಲ."

ಅಂಬಿಗ ಹೋಗಿ ನಾಲ್ವರನ್ನೂ ಕರೆತಂದ. ಅವರು ಇಳಿಯುವಾಗ ಮಕ್ಕಳು ಮುಖ ಸಪ್ಪೆ ಮಾಡಿಕೊಂಡು ಮನೆಗೆ ಹೋದರು.

ಗುರುಗಳು ಕತೆ ನಿಲ್ಲಿಸಿದರು. ಕಳೆದ ವಾರ ಸುಟ್ಟ ಕೇರಿಯ ಕತೆಗೆ ಉರಿಯುವ ಒಂದು ತೊಟ್ಟಿಲನ್ನು ತಾನೇ ಹುಟ್ಟಿಸಿ ಸೇರಿಸಿದ್ದು ಅಡಿವೆಪ್ಪನಿಗೆ ನೆನಪಾಯಿತು. ಅವತ್ತು ಮುರಿಗೆಪ್ಪನ ಜಗಲಿಯಿಂದ ಇಬ್ಬರು ಮಕ್ಕಳು ಎದ್ದು ಬಂದಿದ್ದರು. ಆದರೂ ಅವನು ಸೋಲಲು ಸಿದ್ಧನಿರಲಿಲ್ಲ.

"ಹಾಗಾದರೆ ಹೇಳಬಾರದು, ಮುರಿಗೆಪ್ಪನೇ ಸರಿ ಅನ್ನುತ್ತೀರಾ?"

"ಹೇಳಲೇಬೇಕು," ಎಂದರು ಗುರುಗಳು. "ಆದರೆ ಅಡಿವೆಪ್ಪಾ, ಮುರಿಗೆಪ್ಪನ ಸುತ್ತ ಮಕ್ಕಳು ಸೇರುವ ಮೊದಲು ಈ ಪ್ರಶ್ನೆ ನಿನಗಿತ್ತೇ?"